ಶಸ್ತ್ರಚಿಕಿತ್ಸೆಯ ನಂತರ ರಕ್ತ ನುಡಿಯುವ ಸಾಕ್ಷ್ಯ

ಧಾರವಾಡ ಸೀಮೆಯ ಒಂದು ಹಳ್ಳಿಯಲ್ಲಿ ನಮಗೆ ಬಹುಕಾಲದಿಂದ ಬಳಕೆಯಿರುವ ಕುಟುಂಬವೊಂದುಂಟು. ಮನೆಯ ಹಿರಿಯರು ಅರವತ್ತು ದಾಟಿದವರು. ಒಕ್ಕಲುತನವನ್ನೇ ಕಾಯಕವೆಂದು ನಂಬಿ ಬಾಳಿದವರು. ಮದ್ಯವನ್ನು ಜನ್ಮದಲ್ಲಿ ಮುಟ್ಟಿದವರಲ್ಲ. ಕೆಲವು ವರ್ಷಗಳ ಹಿಂದೆ ಅವರ ಯಕೃತ್ತಿನಲ್ಲಿ ನಾಲ್ಕು ಸೆಂಟಿಮೀಟರ್ ಗಾತ್ರದ ಗಡ್ಡೆಯೊಂದು ಕಾಣಿಸಿಕೊಂಡಿತು. ಅದು ಅರ್ಬುದವೆಂದು ತಿಳಿದಾಗ ಆ ಮನೆಯಲ್ಲಿ ಮೂರು ದಿನ ಒಲೆ ಸರಿಯಾಗಿ ಹೊತ್ತಲಿಲ್ಲ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಗಡ್ಡೆಯಿದ್ದ ಭಾಗವನ್ನು ಕೊಯ್ದು ತೆಗೆದರು. ಹಿರಿಯರು ಚೇತರಿಸಿಕೊಂಡು ಊರಿಗೆ ಮರಳಿ, ಮತ್ತೆ ಹೊಲದ ಬದುವಿನ ಮೇಲೆ ಓಡಾಡತೊಡಗಿದರು.

ಮನೆಗೆ ಕಳುಹಿಸುವಾಗ ವೈದ್ಯರು ಒಂದು ಮಾತು ಹೇಳಿದ್ದರು. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಯೂ ಆಗಬೇಕು, ಸ್ಕ್ಯಾನ್ ಪರೀಕ್ಷೆಯೂ ಆಗಬೇಕು. ಮೊದಲ ವರ್ಷ ಎರಡೂ ತಪ್ಪದೆ ನಡೆದವು. ಆಮೇಲೆ ಸುಗ್ಗಿ ಬಂತು, ಮಗಳ ಮಗಳ ಮದುವೆ ಬಂತು, ಬೆಂಗಳೂರಿನ ಪಯಣದ ಖರ್ಚು ಎದುರಿಗೆ ನಿಂತಿತು. ಸ್ಕ್ಯಾನ್ ತಪ್ಪಿತು. ತಾಲ್ಲೂಕಿನ ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆ ಮಾತ್ರ ಮುಂದುವರಿಯಿತು. “ರಕ್ತದಾಗ ಏನೂ ಇಲ್ರೀ, ಎಲ್ಲಾ ನಾರ್ಮಲ್ ಬಂದೈತಿ” ಎಂದು ಹಿರಿಯ ಮಗ ನಮಗೆ ಹಾಳೆಯನ್ನು ತೋರಿಸಿದ್ದುಂಟು. ನಾವೂ ಅದನ್ನು ನೋಡಿ ಸಂತೋಷಪಟ್ಟೆವು. ಆ ಹಾಳೆಯಲ್ಲಿದ್ದ ಸಂಖ್ಯೆ 6.

ಶಸ್ತ್ರಚಿಕಿತ್ಸೆಗೆ ಮುಂಚೆ, ಗಡ್ಡೆ ಒಳಗೇ ಇದ್ದಾಗ, ಆ ಸಂಖ್ಯೆ ಎಷ್ಟಿತ್ತು ಎಂದು ಮನೆಯವರಾರೂ ಕೇಳಿರಲಿಲ್ಲ. ನಮಗೂ ಕೇಳಲು ತೋಚಲಿಲ್ಲ. ಹಳೆಯ ಕಡತದಲ್ಲಿ ಅದು ಸ್ಪಷ್ಟವಾಗಿಯೇ ಇತ್ತು. ನಾಲ್ಕು ಸೆಂಟಿಮೀಟರಿನ ಗಡ್ಡೆ ಹೊಟ್ಟೆಯಲ್ಲಿದ್ದಾಗಲೂ ಅದು 5 ಆಗಿತ್ತು. ಅಂದರೆ ನಾವೆಲ್ಲ ನಂಬಿ ಕುಳಿತಿದ್ದ ಸಾಕ್ಷಿಯು ಮೊದಲಿನಿಂದಲೂ ಮೂಕಸಾಕ್ಷಿಯಾಗಿತ್ತು.

ಈ ಅನುಭವವೇ ನಮ್ಮನ್ನು ಈ ಲೇಖನಕ್ಕೆ ಪ್ರೇರೇಪಿಸಿತು. ಯಕೃತ್ತಿನ ಅರ್ಬುದಕ್ಕೆ ಶಸ್ತ್ರಚಿಕಿತ್ಸೆಯಾದ ಮೇಲೆ ಅದು ಮರುಕಳಿಸುವುದೋ ಇಲ್ಲವೋ ಎಂಬುದನ್ನು ರಕ್ತವು ಎಷ್ಟರಮಟ್ಟಿಗೆ ಹೇಳಬಲ್ಲುದು? ಎಲ್ಲಿ ಅದರ ಮಾತು ನಿಲ್ಲುತ್ತದೆ? ಇದನ್ನು ತಿಳಿದಿರುವುದು ವೈದ್ಯರಿಗೆ ಮಾತ್ರವಲ್ಲ, ಹಾಳೆಯನ್ನು ಮನೆಗೆ ತರುವ ಮಕ್ಕಳಿಗೂ ಸೊಸೆಯಂದಿರಿಗೂ ಅವಶ್ಯವೆಂದು ನಮ್ಮ ಭಾವನೆ.

ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 8 ಲಕ್ಷ 66 ಸಾವಿರ ಮಂದಿಯಲ್ಲಿ ಯಕೃತ್ತಿನ ಅರ್ಬುದ ಹೊಸದಾಗಿ ಕಂಡುಬಂದಿತು. ಸುಮಾರು 7 ಲಕ್ಷ 58 ಸಾವಿರ ಮಂದಿ ಅದರಿಂದ ಮೃತರಾದರು. ಎರಡು ಸಂಖ್ಯೆಗಳೂ ಹೀಗೆ ಹತ್ತಿರ ಹತ್ತಿರ ಇರುವುದೇ ಈ ರೋಗದ ಕ್ರೌರ್ಯವನ್ನು ತಿಳಿಸುತ್ತದೆ. ಬಹುಮಂದಿಯಲ್ಲಿ ಇದು ಪತ್ತೆಯಾಗುವ ವೇಳೆಗೆ ಕೊಯ್ದು ತೆಗೆಯುವ ಹಂತ ದಾಟಿರುತ್ತದೆ. ಆದುದರಿಂದ ಶಸ್ತ್ರಚಿಕಿತ್ಸೆಗೆ ಅರ್ಹರಾದವರು ಒಂದು ಅರ್ಥದಲ್ಲಿ ಭಾಗ್ಯವಂತರು. ಆದರೆ ಅಲ್ಲಿಯೂ ಒಂದು ತೊಡಕಿದೆ. ಗಡ್ಡೆಯನ್ನು ಪೂರ್ಣವಾಗಿ ತೆಗೆದ ಮೇಲೂ ಐದು ವರ್ಷಗಳೊಳಗಾಗಿ ನೂರರಲ್ಲಿ ಐವತ್ತರಿಂದ ಎಪ್ಪತ್ತು ಮಂದಿಯಲ್ಲಿ ರೋಗ ಮತ್ತೆ ತಲೆಯೆತ್ತುತ್ತದೆ.

ಹೀಗೇಕೆ? ಎರೆಹೊಲದ ಒಕ್ಕಲಿಗನಿಗೆ ಇದನ್ನು ವಿವರಿಸುವುದು ಸುಲಭ. ಕರಿಕೆಯನ್ನು ಎಷ್ಟು ಅಗೆದು ತೆಗೆದರೂ ಒಂದು ಗೆಣ್ಣು ಮಣ್ಣಿನಲ್ಲಿ ಉಳಿದರೆ ಸಾಕು, ಮತ್ತೆ ಚಿಗುರುತ್ತದೆ. ಹಾಗೆಯೇ ಗಡ್ಡೆಯಿಂದ ಸಿಡಿದ ಕೆಲವು ಜೀವಕೋಶಗಳು ಶಸ್ತ್ರಚಿಕಿತ್ಸೆಗೆ ಮೊದಲೇ ಯಕೃತ್ತಿನ ಸೂಕ್ಷ್ಮ ರಕ್ತನಾಳಗಳೊಳಗೆ ಹೊಕ್ಕು ಅಡಗಿರಬಹುದು. ಯಾವ ಸ್ಕ್ಯಾನಿಗೂ ಅವು ಕಾಣುವುದಿಲ್ಲ. ಇವುಗಳಿಂದ ಹುಟ್ಟುವ ಮರುಕಳಿಕೆ ಸಾಮಾನ್ಯವಾಗಿ ಮೊದಲ ಎರಡು ವರ್ಷಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಎರಡನೆಯ ಬಗೆ ಬೇರೆ. ಇಲ್ಲಿ ಹಳೆಯ ಬೇರು ಕಾರಣವಲ್ಲ, ಹೊಲವೇ ಕಾರಣ. ಯಕೃತ್ತಿನ ಅರ್ಬುದ ಬಹುಮಟ್ಟಿಗೆ ಆರೋಗ್ಯವಂತ ಯಕೃತ್ತಿನಲ್ಲಿ ಹುಟ್ಟುವುದಿಲ್ಲ. ಹೆಪಟೈಟಿಸ್ ಬಿ ಅಥವಾ ಸಿ ವೈರಾಣು, ಮದ್ಯಪಾನ, ಮಧುಮೇಹ ಮತ್ತು ಸ್ಥೂಲಕಾಯದಿಂದ ಕೂಡುವ ಕೊಬ್ಬು, ಇವುಗಳಿಂದ ವರ್ಷಾನುಗಟ್ಟಲೆ ಬಾಧೆಪಟ್ಟು, ನಾರುಗಟ್ಟಿ, ಗಂಟುಗಂಟಾದ ಯಕೃತ್ತಿನಲ್ಲಿ ಅದು ಹುಟ್ಟುತ್ತದೆ. ಈ ಗಡುಸಾದ ಸ್ಥಿತಿಯನ್ನೇ ಸಿರೋಸಿಸ್ ಎನ್ನುವರು. ಶಸ್ತ್ರವೈದ್ಯರು ಗಡ್ಡೆಯನ್ನು ತೆಗೆಯಬಲ್ಲರು. ಉಳಿದ ಯಕೃತ್ತಿನ ಕಾಯಿಲೆಯನ್ನು ಕತ್ತಿಯಿಂದ ತೆಗೆಯಲಾಗದು. ಅಲ್ಲಿ ಕೆಲವು ವರ್ಷಗಳ ನಂತರ ಹೊಚ್ಚಹೊಸ ಅರ್ಬುದವೇ ಮೊಳೆಯಬಹುದು. 1889ರಲ್ಲಿ ಸ್ಟೀಫನ್ ಪ್ಯಾಜೆಟ್ ಎಂಬ ಆಂಗ್ಲ ಶಸ್ತ್ರವೈದ್ಯರು ಸ್ತನದ ಅರ್ಬುದ ಹರಡುವ ಬಗೆಯನ್ನು ವಿವರಿಸುತ್ತಾ ಬೀಜ ಮತ್ತು ಮಣ್ಣಿನ ಹೋಲಿಕೆಯನ್ನು ಕೊಟ್ಟರು. ಆ ಹೋಲಿಕೆ ಯಕೃತ್ತಿಗೆ ಹೊಂದುವಷ್ಟು ಬೇರಾವ ಅಂಗಕ್ಕೂ ಹೊಂದಲಾರದೇನೋ.

ರಕ್ತಪರೀಕ್ಷೆಗಳನ್ನೂ ಇದೇ ರೀತಿ ಎರಡಾಗಿ ವಿಂಗಡಿಸಿಕೊಂಡರೆ ಗೊಂದಲ ಕಡಿಮೆಯಾಗುತ್ತದೆ. ಕೆಲವು ಬೀಜದ ಸುಳಿವು ಕೊಡುವಂಥವು, ಕೆಲವು ಹೊಲದ ಸ್ಥಿತಿಯನ್ನು ತಿಳಿಸುವಂಥವು.

ಬೀಜದ ಸುಳಿವು

ಮೇಲೆ ಹೇಳಿದ ಕುಟುಂಬದ ಹಾಳೆಯಲ್ಲಿದ್ದುದು ಆಲ್ಫಾ ಫೀಟೋಪ್ರೋಟೀನ್, ಸಂಕ್ಷೇಪವಾಗಿ ಎ.ಎಫ್.ಪಿ. ಎಂಬ ಪರೀಕ್ಷೆ. ಇದರ ಕಥೆ ಸ್ವಾರಸ್ಯಕರವಾದುದು. ತಾಯಿಯ ಗರ್ಭದಲ್ಲಿರುವ ಶಿಶುವಿನ ಯಕೃತ್ತು ಈ ಪ್ರೋಟೀನನ್ನು ಧಾರಾಳವಾಗಿ ತಯಾರಿಸುತ್ತದೆ. ಮಗು ಹುಟ್ಟಿದ ಮೇಲೆ ಆ ಉತ್ಪಾದನೆ ಕ್ರಮೇಣ ನಿಂತು, ವಯಸ್ಕರ ರಕ್ತದಲ್ಲಿ ಲೇಶಮಾತ್ರ ಉಳಿಯುತ್ತದೆ. 1963ರಲ್ಲಿ ಮಾಸ್ಕೋದ ವಿಜ್ಞಾನಿ ಗಾರಿ ಅಬೆಲೆವ್ ಮತ್ತು ಸಂಗಡಿಗರು ಯಕೃತ್ತಿನ ಅರ್ಬುದವಿದ್ದ ಇಲಿಗಳ ರಕ್ತದಲ್ಲಿ ಈ ಭ್ರೂಣಕಾಲದ ಪ್ರೋಟೀನ್ ಮತ್ತೆ ಕಾಣಿಸಿಕೊಳ್ಳುವುದನ್ನು ಕಂಡರು. ಮರುವರ್ಷವೇ, 1964ರಲ್ಲಿ, ಯೂರಿ ತತಾರಿನೋವ್ ಅದನ್ನು ಮನುಷ್ಯ ರೋಗಿಯ ರಕ್ತದಲ್ಲಿ ಗುರುತಿಸಿದರು. ಅರ್ಬುದಕ್ಕೀಡಾದ ಜೀವಕೋಶವು ತನ್ನ ಪ್ರಾಯವನ್ನು ಮರೆತು ಶೈಶವದ ಅಭ್ಯಾಸಕ್ಕೆ ಮರಳುತ್ತದೆಯೆಂದು ಹೇಳಬಹುದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದರೂ ಇಂದಿಗೂ ಜಗತ್ತಿನಲ್ಲಿ ಯಕೃತ್ತಿನ ಅರ್ಬುದಕ್ಕೆ ಅತಿ ಹೆಚ್ಚಾಗಿ ಬಳಕೆಯಲ್ಲಿರುವ ರಕ್ತಪರೀಕ್ಷೆ ಇದೇ. ಬೆಲೆಯೂ ಕಡಿಮೆ, ಸಣ್ಣ ಊರುಗಳಲ್ಲಿಯೂ ದೊರೆಯುತ್ತದೆ.

ಶಸ್ತ್ರಚಿಕಿತ್ಸೆಯ ನಂತರ ಇದರ ಉಪಯೋಗ ಹೇಗೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಗಡ್ಡೆಯನ್ನು ಪೂರ್ಣವಾಗಿ ತೆಗೆದರೆ, ರಕ್ತದಲ್ಲಿ ಉಳಿದ ಎ.ಎಫ್.ಪಿ. ಐದಾರು ದಿನಗಳಿಗೊಮ್ಮೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮುಂಚೆ 800 ನ್ಯಾನೋಗ್ರಾಂ ಇತ್ತೆನ್ನೋಣ. ಐದಾರು ದಿನಕ್ಕೆ 400, ಮತ್ತೆ ಐದಾರು ದಿನಕ್ಕೆ 200, ಆಮೇಲೆ 100, 50, 25, ಕೊನೆಗೆ 12. ಹೆಚ್ಚುಕಡಿಮೆ ಐದು ವಾರಗಳು ಬೇಕು. ಆದುದರಿಂದ ಹತ್ತನೆಯ ದಿನಕ್ಕೇ ಪರೀಕ್ಷೆ ಮಾಡಿಸಿ, ಸಂಖ್ಯೆ ಇನ್ನೂ ಹೆಚ್ಚಾಗಿದೆಯೆಂದು ಕಣ್ಣೀರು ಹಾಕುವುದು ಅನವಶ್ಯಕ. ಆದರೆ ಎರಡು ತಿಂಗಳಾದರೂ ಅದು ಕೆಳಗಿಳಿಯದೆ ನಡುವೆಯೇ ನಿಂತರೆ, ಅಥವಾ ಇಳಿದು ಮತ್ತೆ ಮೆಲ್ಲನೆ ಏರತೊಡಗಿದರೆ, ಎಲ್ಲಿಯೋ ಬೀಜ ಉಳಿದಿದೆಯೆಂಬ ಗುಮಾನಿಗೆ ಬಲ ಬರುತ್ತದೆ. ಒಂದು ಸಂಖ್ಯೆಗಿಂತ ಸಂಖ್ಯೆಗಳ ನಡಿಗೆ ಮುಖ್ಯ. 18 ಎಂಬುದು ತನ್ನಷ್ಟಕ್ಕೆ ಭಯಪಡಿಸುವ ಸಂಖ್ಯೆಯಲ್ಲ. 4, 7, 11, 18 ಎಂದು ಸಾಲಾಗಿ ಬಂದ ಹದಿನೆಂಟನ್ನು ವೈದ್ಯರು ಲಘುವಾಗಿ ಕಾಣುವುದಿಲ್ಲ.

ಇದರ ದೋಷಗಳೂ ಎರಡು. ಯಕೃತ್ತಿನ ಅರ್ಬುದವಿರುವ ನೂರು ಮಂದಿಯಲ್ಲಿ ಮೂವತ್ತು ನಲವತ್ತು ಮಂದಿಗೆ ಎ.ಎಫ್.ಪಿ. ಏರುವುದೇ ಇಲ್ಲ. ನಮ್ಮ ಹಿರಿಯರು ಈ ಗುಂಪಿನವರು. ಶಸ್ತ್ರಚಿಕಿತ್ಸೆಗೆ ಮುಂಚೆ ಏರದೆ ಇದ್ದವರಲ್ಲಿ ನಂತರದ ‘ನಾರ್ಮಲ್’ ಎಂಬ ಪದಕ್ಕೆ ಹೆಚ್ಚಿನ ಅರ್ಥವಿಲ್ಲ. ಇನ್ನೊಂದು ದೋಷ ಇದರ ವಿರುದ್ಧ ಬಗೆಯದು. ವೈರಾಣುವಿನ ಉಪಟಳ ಕೆರಳಿದಾಗ, ಯಕೃತ್ತು ತನ್ನ ಗಾಯವನ್ನು ತುಂಬಿಕೊಳ್ಳುತ್ತಾ ಬೆಳೆಯುವಾಗ, ಹೆಣ್ಣುಮಕ್ಕಳಲ್ಲಿ ಬಸಿರಿನ ಕಾಲದಲ್ಲಿ, ಅರ್ಬುದವಿಲ್ಲದೆಯೂ ಅದು ಏರಬಹುದು.

ಈ ಎರಡನೆಯ ದೋಷವನ್ನು ಕಳೆಯಲು ನಡೆದ ಪ್ರಯತ್ನದಲ್ಲಿ ನಮ್ಮ ಅಡುಗೆಮನೆಯ ಒಂದು ಕಾಳಿಗೆ ಪಾತ್ರವಿದೆ. ಅರ್ಬುದದ ಕೋಶಗಳು ತಯಾರಿಸುವ ಎ.ಎಫ್.ಪಿ.ಗೂ ಬರಿಯ ಉರಿಯೂತದಿಂದ ಹೊಮ್ಮುವ ಎ.ಎಫ್.ಪಿ.ಗೂ ಒಂದು ಸೂಕ್ಷ್ಮ ವ್ಯತ್ಯಾಸವುಂಟು. ಮೊದಲನೆಯದಕ್ಕೆ ಒಂದು ಬಗೆಯ ಸಕ್ಕರೆಯ ಕಣ ಹೆಚ್ಚಾಗಿ ಅಂಟಿಕೊಂಡಿರುತ್ತದೆ. ಚನ್ನಂಗಿ ಬೇಳೆ, ಮಸೂರ ಬೇಳೆ ಎಂದು ನಾವು ಕರೆಯುವ ಕಾಳಿನಿಂದ ತೆಗೆದ ಒಂದು ಪ್ರೋಟೀನ್ ಆ ಸಕ್ಕರೆಯಿರುವ ಎ.ಎಫ್.ಪಿ.ಯನ್ನೇ ಗುರುತಿಸಿ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿಯಲ್ಪಟ್ಟ ಭಾಗಕ್ಕೆ ಎಲ್-3 ಎಂದು ಹೆಸರು. ಒಟ್ಟು ಎ.ಎಫ್.ಪಿ.ಯಲ್ಲಿ ಅದು ನೂರಕ್ಕೆ ಹತ್ತನ್ನು ಮೀರಿದರೆ ಸಂದೇಹಕ್ಕೆ ಎಡೆಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಇಷ್ಟನ್ನು ಓದಿ ಯಾರಾದರೂ ಚನ್ನಂಗಿ ಬೇಳೆ ಅರ್ಬುದಕ್ಕೆ ಔಷಧವೆಂದು ಹಬ್ಬಿಸಿಯಾರೆಂಬ ಅಂಜಿಕೆ ನಮಗಿದೆ. ಅದು ಪ್ರಯೋಗಾಲಯದ ಬಲೆ ಮಾತ್ರ. ಸಾರಿಗೆ ಹಾಕಿ ಉಂಡರೆ ಬೇಳೆಯ ರುಚಿ ಮತ್ತು ಪುಷ್ಟಿ ದೊರೆಯುತ್ತದೆ, ಅಷ್ಟೇ.

ಮೂರನೆಯದು ಪಿವ್ಕಾ-2. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಥ್ರಾಂಬಿನ್ ಎಂಬ ವಸ್ತುವನ್ನು ಯಕೃತ್ತು ವಿಟಮಿನ್ ಕೆ ನೆರವಿನಿಂದ ಸಿದ್ಧಗೊಳಿಸುತ್ತದೆ. ಅರ್ಬುದದ ಕೋಶಗಳಲ್ಲಿ ಈ ಕೆಲಸ ಅರ್ಧಕ್ಕೆ ನಿಂತು, ಅಪಕ್ವವಾದ ಪ್ರೋಥ್ರಾಂಬಿನ್ ರಕ್ತಕ್ಕೆ ಸೋರುತ್ತದೆ. ಹರಿತಗೊಳ್ಳದ ಕುಡುಗೋಲು ಕಮ್ಮಾರನ ಕುಲುಮೆಯಿಂದ ಹಾಗೆಯೇ ಹೊರಬಿದ್ದಂತೆ. 1984ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಯಕೃತ್ತಿನ ಅರ್ಬುದದ ಸೂಚಕವೆಂದು ವರದಿ ಮಾಡಿದರು. ಎ.ಎಫ್.ಪಿ. ಏರದ ಹಲವರಲ್ಲಿ ಇದು ಏರುತ್ತದೆ ಎಂಬುದು ಇದರ ದೊಡ್ಡ ಗುಣ. ಶಸ್ತ್ರಚಿಕಿತ್ಸೆಗೆ ಮುಂಚೆ ಇದು ಬಹಳ ಹೆಚ್ಚಿದ್ದರೆ, ಅರ್ಬುದವು ಸೂಕ್ಷ್ಮ ರಕ್ತನಾಳಗಳೊಳಗೆ ನುಗ್ಗಿರುವ ಸಂಭವವೂ ಹೆಚ್ಚು. ಆದುದರಿಂದ ಮರುಕಳಿಸುವ ಸಂಭವವೂ ಹೆಚ್ಚು. ಜಪಾನಿನಲ್ಲಿ ಎ.ಎಫ್.ಪಿ., ಎಲ್-3, ಪಿವ್ಕಾ-2 ಈ ಮೂರನ್ನೂ ಸ್ಕ್ಯಾನಿನ ಜೊತೆಗಿಟ್ಟು ನೋಡುವ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿದೆ. ನಮ್ಮಲ್ಲಿ ಪಿವ್ಕಾ ದೊಡ್ಡ ನಗರಗಳ ಪ್ರಯೋಗಾಲಯಗಳಲ್ಲಿ ದೊರೆಯುತ್ತದೆ.

ಇಲ್ಲಿಯೂ ಒಂದು ಎಚ್ಚರಿಕೆ. ಹೃದಯದ ಕವಾಟ ಬದಲಿಸಿಕೊಂಡವರು ಸೇವಿಸುವ ವಾರ್ಫರಿನ್ ಮಾತ್ರೆ ವಿಟಮಿನ್ ಕೆಯ ಕೆಲಸವನ್ನೇ ತಡೆಯುವಂಥದು. ಅದನ್ನು ತೆಗೆದುಕೊಳ್ಳುವವರಲ್ಲಿ ಅರ್ಬುದವಿಲ್ಲದೆಯೂ ಪಿವ್ಕಾ ಏರುತ್ತದೆ. ಪಿತ್ತನಾಳ ಕಟ್ಟಿ ಕಾಮಾಲೆಯಾದವರಲ್ಲಿಯೂ ಹೀಗಾಗಬಹುದು. ಪರೀಕ್ಷೆಗೆ ಬರೆದುಕೊಡುವ ವೈದ್ಯರಿಗೆ ತಾವು ಸೇವಿಸುತ್ತಿರುವ ಮಾತ್ರೆಗಳೆಲ್ಲವನ್ನೂ ಹೇಳಬೇಕು. ಮಾತ್ರೆಯ ಚೀಟಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿದರೂ ಚಿಂತೆಯಿಲ್ಲ.

ಹೊಸ ಕಾಲದ ಪರೀಕ್ಷೆಗಳೂ ಉಂಟು. ಸಾಯುವ ಅರ್ಬುದಕೋಶಗಳಿಂದ ಡಿ.ಎನ್.ಎ. ತುಣುಕುಗಳು ರಕ್ತಕ್ಕೆ ಸೇರುತ್ತವೆ. ರಕ್ತದಲ್ಲಿ ಹೀಗೆ ಕೋಶದ ಹೊರಗೆ ತೇಲುವ ಡಿ.ಎನ್.ಎ. ಇದೆಯೆಂದು ಫ್ರಾನ್ಸಿನ ಮಾಂಡೆಲ್ ಮತ್ತು ಮೆತೇ 1948ರಲ್ಲಿಯೇ ವರದಿ ಮಾಡಿದ್ದರು. ಅದರ ಬೆಲೆ ಲೋಕಕ್ಕೆ ತಿಳಿಯಲು ದಶಕಗಳೇ ಹಿಡಿದವು. ಈ ತುಣುಕುಗಳು ಕೆಲವೇ ಗಂಟೆಗಳಲ್ಲಿ ಅಳಿಯುವುದರಿಂದ, ಗಡ್ಡೆ ತೆಗೆದು ವಾರಗಳಾದ ಮೇಲೂ ಅವು ಕಂಡರೆ ಬೀಜ ಉಳಿದಿರುವುದಕ್ಕೆ ಅದು ಬಲವಾದ ಸಾಕ್ಷ್ಯವಾಗುತ್ತದೆ. ಹಾಗೆ ಕಂಡವರಲ್ಲಿ ಮರುಕಳಿಕೆ ಹೆಚ್ಚೆಂದು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಕಾಣಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳುವಂತಿಲ್ಲ. ಬೆಲೆಯೂ ದುಬಾರಿ. ಯಕೃತ್ತಿನ ಅರ್ಬುದದಲ್ಲಿ ಇದು ದಿನನಿತ್ಯದ ಚಿಕಿತ್ಸಾಕ್ರಮದ ಭಾಗವಾಗಿಲ್ಲ. ಇದಕ್ಕಾಗಿ ಹೊಲ ಅಡವಿಡಲು ಹೊರಟವರಿದ್ದರೆ ತಮ್ಮ ವೈದ್ಯರನ್ನು ಮೊದಲು ಒಂದು ಪ್ರಶ್ನೆ ಕೇಳಲಿ: ಉತ್ತರ ಹೀಗೆ ಬಂದರೆ ಏನು ಮಾಡುವಿರಿ, ಹಾಗೆ ಬಂದರೆ ಏನು ಮಾಡುವಿರಿ? ಎರಡಕ್ಕೂ ಒಂದೇ ಉತ್ತರವಾದರೆ ಆ ಹಣ ಮನೆಯಲ್ಲಿರುವುದೇ ಲೇಸು.

ಹೊಲದ ಸ್ಥಿತಿ

ಬೀಜದ ಬಗ್ಗೆ ಇಷ್ಟು ಆಸಕ್ತಿ ತೋರುವ ನಾವು ಹೊಲದ ಕಡೆ ನೋಡುವುದು ಕಡಿಮೆ. ಅದರ ಪರೀಕ್ಷೆಗಳಾದರೋ ಅಗ್ಗವಾದವು, ಎಲ್ಲೆಡೆ ದೊರೆಯುವಂಥವು. ಯಕೃತ್ತು ತಯಾರಿಸುವ ಆಲ್ಬುಮಿನ್ ಎಂಬ ಪ್ರೋಟೀನ್ ಇಳಿದರೆ, ಅದು ಹೊರಹಾಕಬೇಕಾದ ಬಿಲಿರುಬಿನ್ ಎಂಬ ಹಳದಿ ವರ್ಣದ್ರವ್ಯ ಏರಿದರೆ, ಯಕೃತ್ತಿನ ಶಕ್ತಿ ಕುಂದಿದೆಯೆಂದು ತಿಳಿಯಬೇಕು. ಈ ಎರಡನ್ನೇ ಸೇರಿಸಿ ಲೆಕ್ಕಹಾಕುವ ‘ಆಲ್ಬಿ’ ಎಂಬ ಅಳತೆ 2015ರಲ್ಲಿ ಬಳಕೆಗೆ ಬಂದಿತು. ಪ್ಲೇಟ್‌ಲೆಟ್ ಕಣಗಳು ಕಡಿಮೆಯಾಗುವುದು ಸಿರೋಸಿಸ್ ಬಲಿತಿರುವುದರ ಸೂಚನೆಯಾಗಿರಬಹುದು.

2018ರಲ್ಲಿ ಹಲವು ದೇಶಗಳ ವೈದ್ಯರು ಸೇರಿ, ಶಸ್ತ್ರಚಿಕಿತ್ಸೆಯಾದವರಲ್ಲಿ ಮೊದಲೆರಡು ವರ್ಷಗಳ ಮರುಕಳಿಕೆಯನ್ನು ಅಂದಾಜು ಮಾಡುವ ಒಂದು ಲೆಕ್ಕಾಚಾರವನ್ನು ಪ್ರಕಟಿಸಿದರು. ಅದರೊಳಗೆ ಏನೇನಿದೆಯೆಂದು ನೋಡಿದರೆ ನಮಗೆ ಬೇಕಾದ ಪಾಠ ಸಿಗುತ್ತದೆ. ರೋಗಿ ಗಂಡೋ ಹೆಣ್ಣೋ, ಗಡ್ಡೆಯ ಗಾತ್ರ, ಗಡ್ಡೆಗಳ ಸಂಖ್ಯೆ, ಎ.ಎಫ್.ಪಿ., ಆಲ್ಬಿ, ಕೊಯ್ದ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ ರಕ್ತನಾಳಗಳೊಳಗೆ ಅರ್ಬುದ ನುಗ್ಗಿತ್ತೇ ಎಂಬ ವಿವರ. ರಕ್ತದ ಸೂಚಕಗಳು ಇಲ್ಲಿ ಒಂದು ಭಾಗ ಮಾತ್ರ; ಅವುಗಳಲ್ಲಿಯೂ ಒಂದು ಬೀಜಕ್ಕೆ ಸಂಬಂಧಿಸಿದ್ದು, ಒಂದು ಹೊಲಕ್ಕೆ. ಒಂದೇ ಹನಿ ರಕ್ತದಿಂದ ಭವಿಷ್ಯವನ್ನೆಲ್ಲ ಹೇಳಿಬಿಡುವೆವೆಂಬ ಜಾಹೀರಾತುಗಳನ್ನು ಕಂಡಾಗ ಈ ಪಟ್ಟಿಯನ್ನು ನೆನೆಯುವುದು ಒಳಿತು.

ಹೆಪಟೈಟಿಸ್ ಬಿ ಇರುವವರಿಗೆ ಹೊಲದ ಅತಿ ಮುಖ್ಯ ಪರೀಕ್ಷೆ ವೈರಾಣುವಿನ ಪ್ರಮಾಣವನ್ನು ಅಳೆಯುವುದು. ಈ ವೈರಾಣುವಿಗೂ ಅರ್ಬುದಕ್ಕೂ ಇರುವ ನಂಟನ್ನು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿದ್ದು ತೈವಾನಿನಲ್ಲಿ ನಡೆದ ಅಧ್ಯಯನ. ಪಾಮರ್ ಬೀಸ್ಲಿ ಮತ್ತು ಸಂಗಡಿಗರು 22,707 ಗಂಡಸರನ್ನು ವರ್ಷಗಟ್ಟಲೆ ಗಮನಿಸಿ 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ವೈರಾಣುವನ್ನು ಹೊತ್ತವರಲ್ಲಿ ಯಕೃತ್ತಿನ ಅರ್ಬುದದ ಅಪಾಯ ಇತರರಿಗಿಂತ 223 ಪಟ್ಟು ಹೆಚ್ಚಾಗಿತ್ತು. ಅದೇ ತೈವಾನಿನಿಂದ 2012ರಲ್ಲಿ ಇನ್ನೊಂದು ವರದಿ ಬಂದಿತು. ಹೆಪಟೈಟಿಸ್ ಬಿಯಿಂದಾದ ಅರ್ಬುದಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 4,569 ಮಂದಿಯ ದಾಖಲೆಗಳನ್ನು ಪರಿಶೀಲಿಸಿದಾಗ, ವೈರಾಣು ನಿರೋಧಕ ಮಾತ್ರೆ ಸೇವಿಸಿದವರಲ್ಲಿ ಆರು ವರ್ಷಗಳಲ್ಲಿ ನೂರಕ್ಕೆ 45.6 ಮಂದಿಗೆ ಮರುಕಳಿಸಿದ್ದರೆ, ಸೇವಿಸದವರಲ್ಲಿ 54.6 ಮಂದಿಗೆ ಮರುಕಳಿಸಿತ್ತು. ಅಂತರ ಅದ್ಭುತವಾದುದೇನೂ ಅಲ್ಲ. ಆದರೂ ದಿನಕ್ಕೊಂದು ಮಾತ್ರೆಯಿಂದ ನೂರರಲ್ಲಿ ಒಂಬತ್ತು ಮನೆಗಳು ಉಳಿಯುವುದಾದರೆ ಅದು ಸಣ್ಣ ಮಾತೇ?

ನಮ್ಮ ಹಿರಿಯರ ಕಾಯಿಲೆಯ ಮೂಲವೂ ಹೆಪಟೈಟಿಸ್ ಬಿ. ಅವರಿಗೂ ಆ ಮಾತ್ರೆ ಬರೆದುಕೊಟ್ಟಿದ್ದರು. ವರ್ಷ ತುಂಬಿದ ಮೇಲೆ, ಗಡ್ಡೆ ಹೋಯಿತಲ್ಲ, ಇನ್ನೇತಕ್ಕೆ ಎಂದು ತಾವಾಗಿಯೇ ನಿಲ್ಲಿಸಿದ್ದರು. ಹೀಗೆ ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಿದಾಗ ವೈರಾಣು ಕೆರಳಿ ಯಕೃತ್ತಿಗೆ ತೀವ್ರ ಹಾನಿಯಾಗುವ ಅಪಾಯವೂ ಉಂಟು. ಆ ಪರೀಕ್ಷೆಯನ್ನು ಕೇಳಿದವರಾರೂ ಇರಲಿಲ್ಲ. ಎಲ್ಲರ ಕಣ್ಣೂ ಎ.ಎಫ್.ಪಿ.ಯ ಮೇಲಿತ್ತು.

ತಿಳಿದು ಮಾಡುವುದೇನು?

ಮರುಕಳಿಸುವುದೆಂದು ಮುಂಚಿತವಾಗಿ ತಿಳಿದರೆ ತಡೆಯಲು ಔಷಧವಿದೆಯೇ ಎಂದು ಯಾರಾದರೂ ಕೇಳಿಯಾರು. ಪ್ರಾಮಾಣಿಕವಾದ ಉತ್ತರ ಅಷ್ಟು ಆಶಾದಾಯಕವಲ್ಲ. ಸೊರಾಫೆನಿಬ್ ಎಂಬ ಮಾತ್ರೆಯನ್ನು 1,114 ರೋಗಿಗಳ ಪ್ರಯೋಗದಲ್ಲಿ ಪರೀಕ್ಷಿಸಿದಾಗ, ಮರುಕಳಿಕೆಯನ್ನು ತಡೆಯುವಲ್ಲಿ ಅದು ವಿಫಲವಾಯಿತೆಂದು 2015ರಲ್ಲಿ ತಿಳಿದುಬಂದಿತು. 2023ರಲ್ಲಿ ಅಟೆಜೊಲಿಜುಮಾಬ್ ಮತ್ತು ಬೆವಾಸಿಜುಮಾಬ್ ಎಂಬ ಎರಡು ಚುಚ್ಚುಮದ್ದುಗಳ ಜೋಡಿಯ ಬಗ್ಗೆ ದೊಡ್ಡ ಆಸೆ ಹುಟ್ಟಿತು. ಮರುಕಳಿಸುವ ಅಪಾಯ ಹೆಚ್ಚಿದ್ದ 668 ಮಂದಿಯಲ್ಲಿ, ಒಂದು ವರ್ಷದ ಕೊನೆಗೆ ಚುಚ್ಚುಮದ್ದು ಪಡೆದವರಲ್ಲಿ ನೂರಕ್ಕೆ 78 ಮಂದಿ ಮರುಕಳಿಕೆಯಿಲ್ಲದೆ ಇದ್ದರು, ಪಡೆಯದವರಲ್ಲಿ 65 ಮಂದಿ. ಆದರೆ 2024ರಲ್ಲಿ ಹೆಚ್ಚು ಕಾಲದ ಅವಲೋಕನ ಹೊರಬಂದಾಗ ಆ ಲಾಭ ಉಳಿದುಕೊಂಡಿರಲಿಲ್ಲ.

ಹಾಗಾದರೆ ಪರೀಕ್ಷೆಗಳೇತಕ್ಕೆ? ಮರುಕಳಿಸಿದ ಗಡ್ಡೆಯನ್ನು ಚಿಕ್ಕದಾಗಿರುವಾಗಲೇ ಹಿಡಿಯುವುದಕ್ಕೆ. ಎರಡು ಸೆಂಟಿಮೀಟರಿನ ಗಡ್ಡೆಯನ್ನು ಹೊಟ್ಟೆ ತೆರೆಯದೆ, ಚರ್ಮದ ಮೂಲಕ ಸೂಜಿ ತೂರಿಸಿ, ಶಾಖದಿಂದ ಸುಟ್ಟುಬಿಡಬಹುದು. ಯಕೃತ್ತಿಗೆ ಶಕ್ತಿಯಿದ್ದರೆ ಎರಡನೆಯ ಬಾರಿ ಕೊಯ್ಯಬಹುದು. ಕೆಲವರಿಗೆ ಯಕೃತ್ತಿನ ಕಸಿ ಮಾಡಬಹುದು. ಕಸಿಯ ವಿಶೇಷವೆಂದರೆ ಬೀಜದ ಜೊತೆಗೆ ಹೊಲವೇ ಬದಲಾಗುತ್ತದೆ. ಗಡ್ಡೆ ಒಂದೇ ಇದ್ದು ಐದು ಸೆಂಟಿಮೀಟರಿನೊಳಗಿರಬೇಕು, ಅಥವಾ ಮೂರರವರೆಗೆ ಇದ್ದು ಒಂದೊಂದೂ ಮೂರು ಸೆಂಟಿಮೀಟರಿನೊಳಗಿರಬೇಕು ಎಂಬ ನಿಯಮವನ್ನು ಇಟಲಿಯ ಮಿಲಾನ್ ನಗರದ ವೈದ್ಯರು 1996ರಲ್ಲಿ ಮುಂದಿಟ್ಟರು. ಹಾಗೆ ಆರಿಸಿ ಕಸಿ ಮಾಡಿದ 48 ಮಂದಿಯಲ್ಲಿ ನಾಲ್ಕು ವರ್ಷಗಳ ನಂತರ ಬದುಕುಳಿದವರ ಪ್ರಮಾಣ ನೂರಕ್ಕೆ 75. ಫ್ರಾನ್ಸಿನ ವೈದ್ಯರು 2012ರಲ್ಲಿ ಈ ಅಳತೆಗೆ ಎ.ಎಫ್.ಪಿ.ಯನ್ನೂ ಸೇರಿಸಿದರು. ಅದು 1,000ವನ್ನು ಮೀರಿದ್ದರೆ ಕಸಿಯ ನಂತರವೂ ಮರುಕಳಿಸುವ ಭಯ ಹೆಚ್ಚೆಂದು ಅವರ ಅನುಭವ. ಈ ಬಾಗಿಲುಗಳೆಲ್ಲ ಗಡ್ಡೆ ಬೆಳೆದಂತೆ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಮೊದಲೆರಡು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ, ನಂತರ ಆರು ತಿಂಗಳಿಗೊಮ್ಮೆ, ರಕ್ತ ಮತ್ತು ಸ್ಕ್ಯಾನ್ ಎರಡೂ ಎಂದು ವೈದ್ಯರು ಒತ್ತಾಯಿಸುವುದು ಇದಕ್ಕಾಗಿಯೇ. ರಕ್ತಪರೀಕ್ಷೆಯು ಸ್ಕ್ಯಾನಿಗೆ ಜೊತೆಗಾರನೇ ಹೊರತು ಬದಲಿಯಲ್ಲ.

ನಡುವೆ ಕಾಮಾಲೆಗೆಂದು, ರಕ್ತಶುದ್ಧಿಗೆಂದು ಹೆಸರಿಲ್ಲದ ಪುಡಿ, ಸೊಪ್ಪಿನ ರಸ ಕೊಡುವವರು ನಮ್ಮ ಸೀಮೆಯಲ್ಲಿ ಕಡಿಮೆಯಿಲ್ಲ. ಅರ್ಧ ಯಕೃತ್ತಿನಲ್ಲಿ ಬದುಕುತ್ತಿರುವವರು ಒಳಗೇನಿದೆಯೆಂದು ತಿಳಿಯದ ವಸ್ತುವನ್ನು ಸೇವಿಸುವುದು ಸಲ್ಲದು.

ಇನ್ನು ಆ ಕುಟುಂಬದ ವಿಷಯ. ಶಸ್ತ್ರಚಿಕಿತ್ಸೆಯಾಗಿ ಇಪ್ಪತ್ತು ತಿಂಗಳಾದಾಗ, ಬೆಂಗಳೂರಿನಲ್ಲಿ ಬೇರೆ ಕೆಲಸವಿದ್ದುದರಿಂದ, ಹಿರಿಯರನ್ನೂ ಕರೆದುಕೊಂಡು ಹೋದರು. ವೈದ್ಯರು ಹಳೆಯ ಕಡತ ತೆಗೆದು ನೋಡಿದರು. ಶಸ್ತ್ರಚಿಕಿತ್ಸೆಗೆ ಮುಂಚೆ ಎ.ಎಫ್.ಪಿ. 5 ಇದ್ದರೂ ಪಿವ್ಕಾ 620 ಇತ್ತು. ಗಡ್ಡೆ ತೆಗೆದ ಮೇಲೆ ಅದು 22ಕ್ಕೆ ಇಳಿದಿತ್ತು. ಮಿತಿ 40. ಅಂದು ಮತ್ತೆ ಮಾಡಿಸಿದಾಗ 180 ಬಂದಿತು. ಮರುದಿನದ ಸ್ಕ್ಯಾನಿನಲ್ಲಿ ಬಲಭಾಗದಲ್ಲಿ ಎರಡು ಸೆಂಟಿಮೀಟರಿನ ಹೊಸ ಗಡ್ಡೆ ಕಂಡಿತು. ಸೂಜಿಯ ಶಾಖದಿಂದ ಅದನ್ನು ಸುಟ್ಟರು. ಮೂರನೆಯ ದಿನ ಮನೆಗೆ ಬಂದರು. ಮಾತ್ರೆ ಮತ್ತೆ ಆರಂಭವಾಯಿತು. ಆರು ವಾರಗಳ ನಂತರ ಪಿವ್ಕಾ 25 ಆಗಿತ್ತು.

ವೈದ್ಯರು ಆ ದಿನ ಇನ್ನೊಂದು ಪ್ರಶ್ನೆ ಕೇಳಿದ್ದರು: ಒಡಹುಟ್ಟಿದವರೆಲ್ಲ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿದ್ದಾರೆಯೇ? ಯಾರೂ ಮಾಡಿಸಿರಲಿಲ್ಲ. ಮನೆಯಲ್ಲಿ ಒಂದು ಬಗೆಯ ಮುಜುಗರ, ಊರವರಿಗೆ ತಿಳಿದರೆ ಪಂಕ್ತಿಯಲ್ಲಿ ಕೂರಿಸಿಯಾರೇ ಎಂಬ ಅಳುಕು. ಈ ಅಳುಕಿಗೆ ಆಧಾರವಿಲ್ಲ. ಒಂದೇ ಪಂಕ್ತಿಯಲ್ಲಿ ಉಂಡರೆ, ಒಂದೇ ತಂಬಿಗೆಯ ನೀರು ಕುಡಿದರೆ, ಕೈ ಮುಟ್ಟಿದರೆ ಈ ವೈರಾಣು ಹರಡದು. ಅದು ಹರಡುವುದು ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ, ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಶುದ್ಧಗೊಳಿಸದ ಸೂಜಿ ಮತ್ತು ಒಬ್ಬರಿಂದೊಬ್ಬರಿಗೆ ದಾಟುವ ಕ್ಷೌರದ ಅಲಗಿನಿಂದ. ಒಂದೇ ತಾಯಿಯ ಮಕ್ಕಳಲ್ಲಿ ಹಲವರಿಗೆ ಇರುವುದು ಇದೇ ಕಾರಣದಿಂದ. ಹುಟ್ಟಿದ 24 ಗಂಟೆಗಳೊಳಗೆ ಮಗುವಿಗೆ ಕೊಡುವ ಲಸಿಕೆ ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಭಾರತದಲ್ಲಿ ಈ ಲಸಿಕೆ 2011ರಿಂದ ದೇಶದಾದ್ಯಂತ ಮಕ್ಕಳ ಲಸಿಕಾ ಕಾರ್ಯಕ್ರಮದಲ್ಲಿದೆ. 1984ರಲ್ಲಿಯೇ ಆರಂಭಿಸಿದ ತೈವಾನಿನಲ್ಲಿ, 6ರಿಂದ 14 ವಯಸ್ಸಿನ ಮಕ್ಕಳಲ್ಲಿ ಯಕೃತ್ತಿನ ಅರ್ಬುದ ಲಕ್ಷಕ್ಕೆ 0.70 ಇದ್ದುದು 1990ರಿಂದ 1994ರ ಅವಧಿಗೆ 0.36ಕ್ಕೆ ಇಳಿದಿತ್ತು. ಅದಕ್ಕೆ ಮುಂಚೆ ಹುಟ್ಟಿದ ನಮ್ಮಂಥವರಿಗೆ ಪರೀಕ್ಷೆಯೊಂದೇ ದಾರಿ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ನಿಗದಿತ ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ ಮತ್ತು ಔಷಧ ಉಚಿತ.

ಕೊನೆಗೆ ಮೂವರು ತಮ್ಮಂದಿರೂ ಒಬ್ಬ ತಂಗಿಯೂ ಪರೀಕ್ಷೆ ಮಾಡಿಸಿದರು. ಎರಡನೆಯ ತಮ್ಮನಿಗೆ ವೈರಾಣು ಇರುವುದು ತಿಳಿಯಿತು. ಅವನ ಯಕೃತ್ತಿನಲ್ಲಿ ಗಡ್ಡೆಯಿಲ್ಲ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಆಗಬೇಕೆಂದು ಹೇಳಿದ್ದಾರೆ. ಹಿರಿಯ ಸೊಸೆ ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯ ಪುಟಗಳಲ್ಲಿ ಗೆರೆ ಎಳೆದು ಮನೆ ಮಾಡಿದ್ದಾಳೆ. ಮಾವನವರಿಗೆ ತಾರೀಖು, ಪಿವ್ಕಾ, ವೈರಾಣು, ಆಲ್ಬುಮಿನ್, ಬಿಲಿರುಬಿನ್, ಸ್ಕ್ಯಾನ್ ಎಂದು ಆರು ಕಂಬಸಾಲು. ಅದರ ಕೆಳಗೆ ಚಿಕ್ಕಮಾವನವರಿಗೆ ಇನ್ನೊಂದು. ಕಳೆದ ಬಾರಿ ನಾವು ಹೋದಾಗ ಮಗ ಹಾಳೆ ತೋರಿಸಲಿಲ್ಲ. ಸೊಸೆಯೇ ಪುಸ್ತಕ ತಂದು ಮುಂದಿಟ್ಟಳು. ಚಿಕ್ಕಮಾವನವರ ಸಾಲಿನಲ್ಲಿ ಮೊದಲ ಸ್ಕ್ಯಾನಿನ ತಾರೀಖು ತುಂಬಿತ್ತು, ಎರಡನೆಯದಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿತ್ತು.